‘ಅದೇ, ಪುಟ ೨೧೪’

ಒಪ್ಪಿಗೆ ಪತ್ರದ ಮೇಲೆ ಮೇಷ್ಟ್ರ ಸಹಿಯೊಂದು ಬಿದ್ದರೆ ಪಿಎಚ್‌ಡಿಯ ಐದು ವರ್ಷದ ಒದ್ದಾಟ ಮುಗಿಯುತ್ತಿತ್ತು. ಸಂಜೆಯೊಳಗೆ ವಿಶ್ವವಿದ್ಯಾಲಯದ ಕಚೇರಿಗೆ ಕೊಡದಿದ್ದರೆ ಮುಂದಿನ ವರ್ಷವೇ ಗತಿ. ಶಿಷ್ಯೆ ಮೇಷ್ಟ್ರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಪ್ರಬಂಧದ ಅಡಿಟಿಪ್ಪಣಿಗಳನ್ನು ಕೊನೆಯ ಸಲ ನೋಡುತ್ತಿದ್ದಳು. ಮೇಜಿನ ಆ ತುದಿಯಲ್ಲಿ ಮೇಷ್ಟ್ರ ಹೆಂಡತಿ ಬಟಾಣಿ ಸುಲಿಯುತ್ತಿದ್ದರು.

ಆಗ ಕಣ್ಣಿಗೆ ಬಿತ್ತು ಎಡವಟ್ಟು.

ಒಂದೇ ಪುಸ್ತಕ ಬೆನ್ನುಬೆನ್ನಿಗೆ ಬಂದರೆ ಎರಡನೇ ಸಲ ಹೆಸರು ಬರೆಯದೆ ‘ಅದೇ’ ಎಂದು ಹಾಕುವುದು ರೂಢಿ. ಅದನ್ನು ಸಾಫ್ಟ್‌ವೇರ್ ತಾನಾಗಿ ಹಾಕುತ್ತದೆ. ನಡುವೆ ಇನ್ನೊಂದು ಪುಸ್ತಕ ತೂರಿಸಿದರೆ ತಾನಾಗಿ ತಿದ್ದಿಕೊಳ್ಳುತ್ತದೆ. ಈ ಮಹಾತಾಯಿ ಒಂದು ಕಡೆ ಅವಸರಕ್ಕೆ ಬಿದ್ದು, ಕೈಯಾರೆ ‘ಅದೇ, ಪುಟ ೨೧೪’ ಎಂದು ಟೈಪ್ ಮಾಡಿದ್ದಳು. ಹೋದ ವಾರ ಮೇಷ್ಟ್ರು, “ನನ್ನ ಪುಸ್ತಕದ್ದೂ ಒಂದು ಮಾತು ಅಲ್ಲಿ ಸೇರಿಸಮ್ಮ” ಅಂದಿದ್ದರು. ಸೇರಿಸಿದ್ದು ಸರಿಯಾಗಿ ಈ ಟಿಪ್ಪಣಿಯ ನೆತ್ತಿಯ ಮೇಲೆ. ಈಗ ಆ ‘ಅದೇ’ ಮೇಷ್ಟ್ರ ಪುಸ್ತಕವನ್ನೇ ತೋರಿಸುತ್ತಿತ್ತು.

ಆ ಟಿಪ್ಪಣಿಯ ಮಾತೋ, ಇಡೀ ಪ್ರಬಂಧದ ಜೀವ: ‘ಬಾವಿ ತೋಡಿಸಿದವನ ಹೆಸರು ಕಲ್ಲಿನ ಮೇಲಿರುತ್ತದೆ, ನೀರು ಸೇದಿದವಳ ಗುರುತು ಕಟ್ಟೆಯ ಮೇಲಿನ ಹಗ್ಗದ ಗೀರು.’ ಬರೆದವರು ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದರು! ಮದುವೆಗೆ ಮುಂಚೆ ಬರೆದ ಒಂದೇ ಒಂದು ದಪ್ಪ ಪುಸ್ತಕ ಅವರದು. ಆಮೇಲೆ ಪೆನ್ನು ಹಿಡಿದದ್ದೆಲ್ಲ ಗಂಡನ ಕರಡು ತಿದ್ದುವುದಕ್ಕೆ.

“ಸರ್, ಇಲ್ಲೊಂದು ತಪ್ಪಾಗಿದೆ” ಎಂದು ಶಿಷ್ಯೆ ತೋರಿಸಿದಳು.

ಮೇಷ್ಟ್ರು ಓದಿದರು. ಇನ್ನೊಮ್ಮೆ ಓದಿದರು. ಮುಖ ಅರಳಿತು. “ತಪ್ಪೇನು ಬಂತು? ನಾನೇ ಎಲ್ಲೋ ಹೇಳಿದ ಹಾಗಿದೆ. ಇರಲಿ ಬಿಡು.”

“ಅದು ಅಮ್ಮನ ಪುಸ್ತಕದ್ದು, ಸರ್.”

“ಅಯ್ಯೋ, ಗಂಡ ಹೆಂಡತಿ ಮಧ್ಯೆ ನಿಂದು ನಂದು ಅಂತ ಇರುತ್ತೇನಮ್ಮ? ಪೆನ್ನು ಕೊಡು, ಸಹಿ ಹಾಕ್ತೀನಿ.”

ಸಹಿ ಹಾಕಿಸಿಕೊಂಡು ಆಮೇಲೆ ಸದ್ದಿಲ್ಲದೆ ತಿದ್ದಿದರಾಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಶಿಷ್ಯೆ ಪೆನ್ನು ಎತ್ತಿಯೂ ಆಗಿತ್ತು. ಆದರೆ ಬಟಾಣಿ ಸುಲಿಯುವ ಕೈ ನಿಂತುಹೋದದ್ದು ಕಂಡಿತು. ಆ ಹೆಂಗಸು ತಲೆ ಎತ್ತಲಿಲ್ಲ. ಶಿಷ್ಯೆಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

“ಸರ್, ಇಲ್ಲಿ ಇನ್ನೂರ ಹದಿನಾಲ್ಕನೇ ಪುಟ ಅಂತಿದೆ” ಅಂದಳು. “ನಿಮ್ಮ ಪುಸ್ತಕ ಇರೋದೇ ತೊಂಬತ್ತಾರು ಪುಟ.”

ಪೆನ್ನಿಗೆ ಚಾಚಿದ್ದ ಕೈಯನ್ನು ಮೇಷ್ಟ್ರು ಹಿಂದಕ್ಕೆ ತೆಗೆದುಕೊಂಡರು.

“ಅದರಲ್ಲೂ ಇಪ್ಪತ್ತು ಪುಟ ಮುನ್ನುಡಿ” ಎಂದು ಹೆಂಡತಿ ಕಿಸಕ್ಕನೆ ನಕ್ಕರು.

ಶಿಷ್ಯೆ ಕೈಯಾರೆ ಹಾಕಿದ ‘ಅದೇ’ಯನ್ನು ಅಳಿಸಿ, ಪುಸ್ತಕವನ್ನು ಸಾಫ್ಟ್‌ವೇರ್‌ನಿಂದಲೇ ಸೇರಿಸಿದಳು. ಹೆಸರು ಪೂರ್ತಿಯಾಗಿ ಬಂದು ಕೂತಿತು, ಮದುವೆಗೆ ಮುಂಚಿನ ಹೆಸರು. ಅಮ್ಮ ಕೈ ಒರೆಸಿಕೊಂಡು ಬಂದು, ಬಗ್ಗಿ ನೋಡಿದರು. ಆ ಹೆಸರು ಹಿಡಿದು ಈ ಮನೆಯಲ್ಲಿ ಅವರನ್ನು ಯಾರೂ ಕರೆದದ್ದಿಲ್ಲ.

“ಅದರ ಕೆಳಗೆ ಮತ್ತೆ ‘ಅದೇ’ ಅಂತಿದೆಯಲ್ಲ, ಅದು ಯಾರದು?”

“ಅದೂ ನಿಮ್ಮದೇ, ಅಮ್ಮ.”

“ಅಲ್ಲೂ ಹೆಸರು ಹಾಕೋಕಾಗಲ್ವಾ?”

“ರೂಢಿ ಇಲ್ಲ, ಅಮ್ಮ.”

“ಹೋಗ್ಲಿ ಬಿಡು, ಒಂದು ಕಡೆ ಇದ್ಯಲ್ಲ.”

ಮೇಷ್ಟ್ರು ಮುಖ ಊದಿಸಿಕೊಂಡೇ ಸಹಿ ಹಾಕಿದರು. ಸಹಿ ಒಣಗುವ ಮೊದಲೇ ಹೆಂಡತಿ ಬಟಾಣಿ ಬುಟ್ಟಿಯನ್ನು ಅವರ ಮುಂದಕ್ಕೆ ತಳ್ಳಿದರು.

“ಉಳಿದಿದ್ದು ನೀವು ಸುಲೀರಿ. ನಾನು ಇವಳ ಜೊತೆ ಕಚೇರಿಗೆ ಹೋಗಿಬರ್ತೀನಿ.”