ಹಲ್ಲಿನ ಮೇಸ್ತ್ರಿ ಸಹಿ ಹಾಕಿದ್ದು

ಕಾಯುವುದರಲ್ಲೂ ಎರಡು ಬಗೆ ಇದೆ. ಬಸ್ಸಿಗೆ ಕಾಯುವವನಿಗೆ ಬಸ್ಸು ಬಾರದಿದ್ದರೂ ಅದು ಬರುವ ದಾರಿಯಾದರೂ ಕಾಣುತ್ತದೆ. ವೀಸಾಕ್ಕೆ ಕಾಯುವವನಿಗೆ ಅದೂ ಇಲ್ಲ. ನಮ್ಮ ಮೇಸ್ತ್ರಿ ಈ ಎರಡನೆಯ ಸಾಲಿನಲ್ಲಿ ನಿಂತವನು.

ಮೇಸ್ತ್ರಿ ಅಂದಕೂಡಲೇ ಗೋಡೆ ಕಟ್ಟುವವನೆಂದು ತಿಳಿಯಬೇಡಿ. ಅವನು ಹಲ್ಲಿನ ಮೇಸ್ತ್ರಿ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಆ ಅಚ್ಚಿಗೆ ಸರಿಯಾಗಿ ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಅವನು ಮಾಡಿದ ಹಲ್ಲು ಹಾಕಿಕೊಂಡು ಊರಿನ ಎಷ್ಟೋ ಮುದುಕರು ಬಾಯಿತುಂಬ ನಗುತ್ತಿದ್ದರು. ಅವನು ಮಾತ್ರ ಎರಡು ವರ್ಷ ಹತ್ತು ತಿಂಗಳಿಂದ ಹಲ್ಲು ಕಚ್ಚಿಕೊಂಡು ದಿನ ದೂಡುತ್ತಿದ್ದ.

ಕಾರಣ ಇಷ್ಟೇ. ಅವನು ಕೆಲಸಕ್ಕೆಂದು ಈ ದೇಶಕ್ಕೆ ಬಂದು ಅಕ್ಕ-ಭಾವನ ಮನೆಯಲ್ಲಿ ಉಳಿದಿದ್ದ. ಹೆಂಡತಿ, ಮಗಳು ಬಿಟ್ಟುಬಂದ ದೇಶದಲ್ಲೇ ಇದ್ದರು. ಅವರಿಬ್ಬರ ವೀಸಾಕ್ಕೆ ಅರ್ಜಿ ಹಾಕಿದಾಗ ಕಚೇರಿಯವರು ಎಂಟು ತಿಂಗಳು ಅಂದಿದ್ದರು. ಆಗ ಮಗಳಿಗೆ ಹದಿನೈದು ತುಂಬಿರಲಿಲ್ಲ. ಈಗ ಹದಿನೆಂಟಕ್ಕೆ ಐದೇ ತಿಂಗಳು ಬಾಕಿ. ಹದಿನೆಂಟು ತುಂಬಿತೆಂದರೆ ಈ ದೇಶದ ಕಾನೂನಿನ ಪ್ರಕಾರ ಅಮ್ಮನ ಅರ್ಜಿಯಿಂದ ಮಗಳ ಹೆಸರು ಬಿದ್ದುಹೋಗುತ್ತದೆ. ಅವಳೊಬ್ಬಳೇ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು, ಮತ್ತೆ ಕಾಯಬೇಕು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ಮೇಸ್ತ್ರಿಯ ಕಸುಬಿನಲ್ಲಿ ದಿನಾ ಕೇಳುವಂಥದ್ದು. ಅದು ತನ್ನ ಮನೆಗೇ ಬಂದು ಕೂರುತ್ತದೆಂದು ಅವನು ಎಣಿಸಿರಲಿಲ್ಲ.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆಯೇ ಅವನು ಫೋನು ತೆಗೆದು ಕಚೇರಿಯ ಪುಟ ನೋಡುತ್ತಿದ್ದ. 'ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ' ಎಂದು ಇರುತ್ತಿತ್ತು. ಮಾರನೆಯ ದಿನವೂ ಅದೇ ಸಾಲು.

ಒಂದು ಶನಿವಾರ ಸಂಜೆ ಎದುರುಮನೆಯ ಡ್ರೈವರಮ್ಮ ಬಾಗಿಲು ತಟ್ಟಿದಳು. ನಗರದ ಬಸ್ಸು ಓಡಿಸುವ ಹೆಂಗಸು. ಅವಳ ಗಂಡನ ವೀಸಾವೂ ಹೀಗೆಯೇ ನೇತಾಡುತ್ತಿತ್ತು. ಡ್ಯೂಟಿಯ ಜಾಕೆಟ್ಟನ್ನೂ ಬಿಚ್ಚದೆ ಅಡುಗೆಮನೆಯ ಮೇಜಿನ ಮೇಲೆ ಒಂದು ಕಾಗದ ಇಟ್ಟಳು.

"ಮೇಸ್ತ್ರಿಗಳೇ, ವೀಸಾ ತಡ ಆಗಿರೋರೆಲ್ಲ ಒಟ್ಟಿಗೆ ಸೇರಿ ಕೋರ್ಟಿಗೆ ಹೋಗ್ತಿದೀವಿ. ಇನ್ನೂರು ಜನ ಆಗಿದ್ದೀವಿ. ಹೆಸರು ಕೊಡೋಕೆ ಶುಕ್ರವಾರ ಕೊನೇ ದಿನ."

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಭಾವ ಟೀ ಲೋಟ ಕೆಳಗಿಟ್ಟ. ಭಾವ ಲಿಫ್ಟು ರಿಪೇರಿಯವನು. ಮೇಲೆ ಹೋಗುವುದೆಲ್ಲ ಒಂದು ದಿನ ನಡುವೆ ನಿಲ್ಲುತ್ತದೆ ಎಂದು ನಂಬಿದವನು.

"ಕೋರ್ಟಾ? ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಮಾತು ಕೇಳಿಲ್ವೇನಮ್ಮಾ?"

"ಕೇಳಿದೀನಿ. ಸುಮ್ಮನೆ ಕೂತೋನು ಏನಾದ ಅಂತ ಮಾತ್ರ ಆ ಗಾದೇಲಿ ಹೇಳಿಲ್ಲ," ಅಂದಳು ಡ್ರೈವರಮ್ಮ.

ಅಕ್ಕ ಕಿಸಕ್ಕನೆ ನಕ್ಕಳು. ಮೇಸ್ತ್ರಿ ನಗಲಿಲ್ಲ. "ನನಗೆ ಭಯ ಅದಲ್ಲ, ಡ್ರೈವರಮ್ಮ. ಇದು ಮಲಗಿರೋ ಹುಲೀನ ಕೆಣಕಿದ ಹಾಗೆ. ನಮ್ಮ ಫೈಲು ನೋಡೋ ಆಫೀಸರಿಗೆ ಸಿಟ್ಟು ಬಂದ್ರೆ? ಇವನೇ ಅಲ್ವಾ ಕೇಸು ಹಾಕಿದೋನು ಅಂತ ಫೈಲನ್ನ ತಳಕ್ಕೆ ತಳ್ಳಿಬಿಟ್ರೆ?"

"ಈಗ ತಳದಲ್ಲಿ ಇಲ್ಲ ಅಂತ ನಿಮಗೆ ಯಾರು ಹೇಳಿದ್ರು?"

ಇದಕ್ಕೆ ಉತ್ತರ ಕೊಟ್ಟವನು ಭಾವ. ಅವನ ಜೊತೆ ಕೆಲಸ ಮಾಡುವವನಿಗೆ ಯಾರೋ ಏಜೆಂಟು ಗೊತ್ತಂತೆ. ಆ ಏಜೆಂಟಿಗೆ ಕಚೇರಿಯ 'ಒಳಗಿನವರು' ಗೊತ್ತಂತೆ. ಕೈಬಿಸಿ ಮಾಡಿದರೆ ಒಂದೇ ವಾರದಲ್ಲಿ ಕೆಲಸವಂತೆ.

"ಅಂತೆ ಕಂತೆಗಳ ಸಂತೆ," ಅಂದಳು ಅಕ್ಕ. "ಆ ಏಜೆಂಟು ರಸೀದಿ ಕೊಡ್ತಾನಾ? ಹೆಸರು ವಿಳಾಸ ಬರ್ಕೊಡ್ತಾನಾ? ಲಂಚ ಕೊಟ್ಟಿದ್ದು ಗೊತ್ತಾದ್ರೆ ಇರೋ ಅರ್ಜಿಗೂ ಕಲ್ಲು ಬೀಳುತ್ತೆ." ಆಮೇಲೆ ತಮ್ಮನ ಕಡೆ ತಿರುಗಿದಳು. "ತಾಳಿದವನು ಬಾಳಿಯಾನು ಅಂತ ನಾನೂ ಇಷ್ಟು ದಿನ ಹೇಳ್ತಾ ಬಂದೆ ಕಣೋ. ಆದ್ರೆ ಹುಡುಗಿ ವಯಸ್ಸು ತಾಳಬೇಕಲ್ಲ!"

"ಯೋಚನೆ ಮಾಡ್ತೀನಿ," ಅಂದ ಮೇಸ್ತ್ರಿ. ಬೇಡ ಅನ್ನುವುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು. ಡ್ರೈವರಮ್ಮನಿಗೆ ಗೊತ್ತಾಯಿತು. ಆದರೂ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಹೋದಳು.

ಸೋಮವಾರ ಲ್ಯಾಬಿನಲ್ಲಿ ಒಂದು ಘಟನೆ ನಡೆಯಿತು. ಲ್ಯಾಬಿನ ಪದ್ಧತಿ ಹೀಗೆ: ಒಂದು ಬಾಯಿಗೆ ಒಂದು ಟ್ರೇ. ಅಚ್ಚು ಬಂದ ದಿನವೇ ತಾರೀಕು ಬರೆದ ಚೀಟಿ ಅಂಟಿಸಿ ಕಪಾಟಿನಲ್ಲಿ ಸಾಲಾಗಿ ಇಡಬೇಕು. ಯಾರ ಕಪಾಟಿನ ಬಗ್ಗೆ ಫೋನು ಬಂದರೆ ಅವರೇ ಉತ್ತರ ಕೊಡಬೇಕು. ಮೇಸ್ತ್ರಿ ಹೊಳಪಿನ ಚಕ್ರಕ್ಕೆ ಒಂದು ಸೆಟ್ಟು ಹಿಡಿದಿದ್ದಾಗ ಅವನ ಫೋನು ಬಡಿದುಕೊಂಡಿತು. ಒಂದು ಕ್ಲಿನಿಕ್ಕಿನ ಹುಡುಗಿ.

"ಸರ್, ನಮ್ಮ ಕ್ಲಿನಿಕ್ಕಿಗೆ ಬರೋ ಅಜ್ಜಿಯ ಸೆಟ್ಟು ಏನಾಯ್ತು?"

"ಕೆಲಸ ನಡೀತಿದೆಯಮ್ಮ," ಅಂದ ಮೇಸ್ತ್ರಿ, ಫೋನನ್ನು ಭುಜಕ್ಕೆ ಒತ್ತಿಕೊಂಡು, ಕಣ್ಣನ್ನು ಚಕ್ರದ ಮೇಲೇ ಇಟ್ಟು.

"ಸರ್, ನಾಲ್ಕನೇ ಸಲ ಕೇಳ್ತಿದೀನಿ. ನಾಲ್ಕು ಸಲವೂ ಇದೇ ಹೇಳಿದ್ರಿ. ಬೇಜಾರು ಮಾಡ್ಕೋಬೇಡಿ, ನೀವು ಎದ್ದು ನೋಡಿ ಹೇಳ್ತಿದೀರಾ, ಕೂತೇ ಹೇಳ್ತಿದೀರಾ?"

ಮೇಸ್ತ್ರಿ ಚಕ್ರ ನಿಲ್ಲಿಸಿ ಎದ್ದ. ಕಪಾಟಿನಲ್ಲಿ ಟ್ರೇ ಇರಲಿಲ್ಲ. ಕೆಳಗಿನ ಸಾಲಿನಲ್ಲೂ ಇರಲಿಲ್ಲ. ಕೊನೆಗೆ ಪ್ಲಾಸ್ಟರ್ ಚೀಲಗಳನ್ನು ಒಂದೊಂದಾಗಿ ಸರಿಸಿದಾಗ ಗೋಡೆಗೆ ಒರಗಿಕೊಂಡು ಸಿಕ್ಕಿತು. ಚೀಲ ಇಳಿಸುವಾಗ ಯಾರೋ ಜಾಗ ಮಾಡಲೆಂದು ಎತ್ತಿ ಹಿಂದಕ್ಕೆ ಇಟ್ಟಿದ್ದರು. ಅಚ್ಚಿನ ಮೇಲೆ ಬಿಳಿ ದೂಳು. ಚೀಟಿಯ ಮೇಲೆ ಅವನದೇ ಅಕ್ಷರ. ತಾರೀಕು ಲೆಕ್ಕ ಹಾಕಿದ: ಮೂವತ್ತೆಂಟು ದಿನ. ಒಂದು ಹಲ್ಲನ್ನೂ ಕೂರಿಸಿರಲಿಲ್ಲ.

"ತಪ್ಪಾಯ್ತಮ್ಮ," ಅಂದ. "ಬುಧವಾರ ಕಳಿಸ್ತೀನಿ."

"ಹಾಗೇ ಮಾಡಿ ಸರ್. ಮೊಮ್ಮಗಳ ಮದುವೆ ಫೋಟೋದಲ್ಲಿ ಅಜ್ಜಿ ಬಾಯಿ ಮುಚ್ಕೊಂಡೇ ನಿಂತಿದ್ರಂತೆ."

ಮೇಸ್ತ್ರಿಗೆ ನಾಚಿಕೆಯಾಯಿತು. ಆ ಅಜ್ಜಿಯ ಮೇಲೆ ಅವನಿಗೇನಾದರೂ ಹಗೆ ಇತ್ತೇ? ಮುಖವನ್ನೇ ನೋಡಿದವನಲ್ಲ. ನಾಲ್ಕು ಸಲ ಕೇಳಿದ ಹುಡುಗಿಯ ಮೇಲೆ ಸಿಟ್ಟು ಬಂತೇ? ಅದೂ ಇಲ್ಲ. ಸಿಟ್ಟಿಗೆ ಹಲ್ಲನ್ನು ಸೊಟ್ಟ ಕೂರಿಸಬೇಕೆಂದು ಅನಿಸಿತೇ? ಛೆ, ಆ ದಿನ ಉಳಿದ ಕೆಲಸ ಬದಿಗಿಟ್ಟು ಅದೇ ಅಚ್ಚನ್ನು ಕೈಗೆತ್ತಿಕೊಂಡ. ಮೇಣ ಕೂರಿಸುತ್ತ ಕೂತಾಗ ಅವನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. 'ಕೆಲಸ ನಡೀತಿದೆ' ಎಂದು ಅವನು ಹೇಳಿದ್ದಕ್ಕೂ, 'ಪರಿಶೀಲನೆಯಲ್ಲಿದೆ' ಎಂದು ಕಚೇರಿ ಅವನಿಗೆ ಹೇಳುತ್ತಿದ್ದದ್ದಕ್ಕೂ ಏನು ವ್ಯತ್ಯಾಸ?

ಸಂಜೆ ಅವನೇ ಹೋಗಿ ಎದುರುಮನೆಯ ಬಾಗಿಲು ತಟ್ಟಿದ.

"ಒಬ್ಬೊಬ್ರೇ ಕೇಳಿದ್ರೆ ಆಗಲ್ವಾ, ಡ್ರೈವರಮ್ಮ? ಗುಂಪೇ ಯಾಕೆ ಬೇಕು?"

"ನಾನು ಒಬ್ಬಳೇ ಹನ್ನೊಂದು ಕಾಗದ ಬರೆದೆ. ಹನ್ನೊಂದಕ್ಕೂ ಒಂದೇ ಉತ್ತರ. ಒಬ್ಬಳೇ ಕೇಸು ಹಾಕೋಣ ಅಂದ್ರೆ ವಕೀಲರ ಖರ್ಚು ನನ್ನ ಕೈಲಾಗಲ್ಲ. ಇದ್ರಲ್ಲಿ ಖರ್ಚು ಹಂಚ್ಕೋತೀವಿ. ಇನ್ನೂರು ಫೈಲು ಒಟ್ಟಿಗೆ ಕಂಡ್ರೆ ತಡ ಆಗ್ತಿರೋದು ಒಬ್ಬನ ಹಣೆಬರಹ ಅಲ್ಲ ಅಂತ ನ್ಯಾಯಾಧೀಶರಿಗೂ ಕಾಣುತ್ತೆ. ಆದ್ರೆ ನನ್ನ ಮಾತು ಕೇಳಿ ಸಹಿ ಹಾಕಬೇಡಿ. ಗುರುವಾರ ವಕೀಲರು ಲೈಬ್ರರಿಗೆ ಬರ್ತಾರೆ. ಅನುಮಾನ ಏನಿದೆಯೋ ಬರ್ಕೊಂಡು ಬನ್ನಿ. ಭಾವನ್ನೂ ಕರ್ಕೊಂಡು ಬನ್ನಿ, ಅನುಮಾನದಲ್ಲಿ ಅವರು ನಿಮಗಿಂತ ಜಾಣರು."

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮೇಸ್ತ್ರಿ ಹೆಂಡತಿಗೆ ಫೋನು ಮಾಡಿದ. ವಿಷಯವನ್ನೆಲ್ಲ ಹೇಳಿದ. ಕೇಸು ಹಾಕಿದರೂ ಉತ್ತರ 'ಇಲ್ಲ' ಎಂದೇ ಬರಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಹೆಂಡತಿ, "ಅರ್ಜಿ ಅವಳದ್ದೂ ಹೌದಲ್ರೀ, ಅವಳನ್ನೇ ಕೇಳಿ," ಎಂದು ಫೋನನ್ನು ಮಗಳ ಕೈಗೆ ಕೊಟ್ಟಳು.

"ಅಪ್ಪಾ, ಹೊರಡೋಕೆ ಅಂತ ತೆಗೆದಿಟ್ಟ ಶೂ ಎರಡು ಸಲ ಚಿಕ್ಕದಾಯ್ತು," ಅಂದಳು ಮಗಳು. "ಕಾಲೇಜಿಗೆ ಇಲ್ಲಿ ಸೇರಿದ ಮೇಲೆ ವೀಸಾ ಬಂದ್ರೆ ನಡುವೆ ಬಿಡಬೇಕಾಗುತ್ತೆ ಅಂತ ಒಂದು ವರ್ಷ ಮನೇಲೇ ಕೂತೆ. ಇಲ್ಲ ಅಂದ್ರೆ ಇಲ್ಲ ಅನ್ನಲಿ, ಅಳ್ತೀನಿ, ಆಮೇಲೆ ಇಲ್ಲೇ ಓದ್ತೀನಿ. ಏನೂ ಹೇಳದೆ ಕೂರಿಸಿದ್ರೆ ನಾನೇನು ಮಾಡಲಿ?"

ಮಗಳಿಗೆ ಏನೂ ಗೊತ್ತಾಗಬಾರದು, ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಮೇಸ್ತ್ರಿ ಇಷ್ಟು ದಿನ ಎಲ್ಲವನ್ನೂ ತೇಲಿಸಿ ಹೇಳುತ್ತಿದ್ದ. ಅವಳು ಅವನಿಗಿಂತ ಮುಂದೆ ಹೋಗಿ ನಿಂತಿದ್ದಳು.

ಗುರುವಾರ ಲೈಬ್ರರಿಯಲ್ಲಿ ಮಕ್ಕಳ ವಿಭಾಗ ಮಾತ್ರ ಖಾಲಿ ಇತ್ತು. ಗಿಡ್ಡ ಕುರ್ಚಿಗಳ ಮೇಲೆ ದೊಡ್ಡವರೆಲ್ಲ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ವಕೀಲರು ನರೆಗೂದಲಿನ ಹೆಂಗಸು. ಮೇಸ್ತ್ರಿ ಲ್ಯಾಬಿನ ಚೀಟಿಯ ಹಿಂದೆ ಬರೆದುಕೊಂಡು ಬಂದಿದ್ದ ಪ್ರಶ್ನೆಗಳನ್ನು ಓದಿದ. ಕೇಸಿನಲ್ಲಿ ನಾವು ಏನು ಕೇಳುತ್ತೇವೆ?

"ವೀಸಾ ಕೊಡಿ ಅಂತ ಅಲ್ಲ. ಇಂತಿಷ್ಟು ದಿನದೊಳಗೆ ತೀರ್ಮಾನ ಮಾಡಿ ಅಂತ. ತೀರ್ಮಾನ ಹೌದೂ ಆಗಬಹುದು, ಇಲ್ಲವೂ ಆಗಬಹುದು. ಇದು ಗೊತ್ತಿಲ್ಲದೆ ಯಾರೂ ಸಹಿ ಹಾಕಬೇಡಿ."

ಆಫೀಸರು ಸೇಡು ತೀರಿಸಿಕೊಂಡರೆ?

"ಕೇಸು ಹಾಕಿದ್ದಕ್ಕೇ ಅರ್ಜಿ ತಿರಸ್ಕರಿಸೋಕೆ ಇಲ್ಲಿನ ಕಾನೂನು ಬಿಡಲ್ಲ. ಹಾಗೆ ಆದ್ರೆ ಅದನ್ನೂ ಪ್ರಶ್ನೆ ಮಾಡಬಹುದು. ಆಗೋದೇ ಇಲ್ಲ ಅಂತ ನಾನು ಆಣೆ ಇಡಲ್ಲ."

ಸೋತರೆ ಖರ್ಚು ಯಾರದ್ದು, ನಡುವೆ ಬೇಡವೆನಿಸಿದರೆ ಹೆಸರು ವಾಪಸು ತೆಗೆಯಬಹುದೇ, ಕೇಸಿನ ಕಾಗದದಲ್ಲಿ ಹೆಸರು ಎಲ್ಲರಿಗೂ ಕಾಣುತ್ತದೆಯೇ ಎಂದು ಮೇಸ್ತ್ರಿ ಕೇಳಿದ. ವಕೀಲರು ಒಂದೊಂದಕ್ಕೂ ಒಪ್ಪಂದದ ಕಾಗದದಲ್ಲಿ ಎಲ್ಲಿ ಬರೆದಿದೆಯೆಂದು ಬೆರಳಿಟ್ಟು ತೋರಿಸಿದರು. ಆಗ ಭಾವ ಗಿಡ್ಡ ಕುರ್ಚಿಯಿಂದ ಕಷ್ಟಪಟ್ಟು ಎದ್ದ.

"ಇದೆಲ್ಲ ಇರಲಿ ಮೇಡಂ. ಗೆಲ್ತೀವೋ ಇಲ್ವೋ?"

"ಗೊತ್ತಿಲ್ಲ."

ಭಾವ ಮೆಲ್ಲಗೆ ಕೂತು ಮೇಸ್ತ್ರಿಯ ಕಿವಿಯಲ್ಲಿ ಅಂದ: "ಇವರನ್ನ ನಂಬಬಹುದು ಕಣಯ್ಯ. ಆ ಏಜೆಂಟು ಒಂದು ಸಲವೂ ಗೊತ್ತಿಲ್ಲ ಅಂದಿಲ್ಲ."

ವಕೀಲರು ಮೇಸ್ತ್ರಿಯ ಕಾಗದಗಳನ್ನು ತಿರುವುತ್ತಿದ್ದರು. "ಮಗಳಿಗೆ ಐದು ತಿಂಗಳಲ್ಲಿ ಹದಿನೆಂಟು ಆಗುತ್ತೆ. ಇದನ್ನ ಕಚೇರಿಗೆ ಬರೆದು ತಿಳಿಸಿದ್ರಾ?"

"ಇಲ್ಲ ಮೇಡಂ."

"ಯಾಕೆ?"

"ಪದೇ ಪದೇ ಬರೆದ್ರೆ ಸಿಟ್ಟು ಬರುತ್ತೆ ಅಂತ... ಸುಮ್ಮನಿದ್ದೆ."

ವಕೀಲರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನಿಸಿತು ಮೇಸ್ತ್ರಿಗೆ. "ಗುಂಪಿನ ಕೇಸು ನಿಧಾನ ಆಗಬಹುದು. ನಿಮಗೆ ಅಷ್ಟು ಪುರುಸೊತ್ತಿಲ್ಲ," ಎಂದರು. "ವಯಸ್ಸಿನ ವಿಷಯಕ್ಕೆ ಇವತ್ತೇ ಬೇರೆ ತುರ್ತು ಅರ್ಜಿ ಹಾಕೋಣ. ಕೇಸಿನಲ್ಲಿ ನಿಮ್ಮಂಥವರ ಹೆಸರು ಮೊದಲು ತೋರಿಸ್ತೀನಿ. ಅದಾದ್ರೂ ಸಮಯಕ್ಕೆ ಸರಿಯಾಗಿ ಆಗುತ್ತೆ ಅಂತ ಹೇಳೋಕಾಗಲ್ಲ. ಒಂದು ವರ್ಷ ಮುಂಚೆ ಬಂದಿದ್ರೆ ಚೆನ್ನಾಗಿತ್ತು."

ಆ ಒಂದು ವರ್ಷವನ್ನು ಯಾವ ಆಫೀಸರೂ ಕಸಿದಿರಲಿಲ್ಲ. ಭಯಕ್ಕೆ ಅವನೇ ಕೊಟ್ಟಿದ್ದ.

ಒಪ್ಪಂದವನ್ನು ಮನೆಗೆ ತಂದು ಅಕ್ಕ, ಭಾವ, ಮೇಸ್ತ್ರಿ ಮೂವರೂ ಓದಿದರು. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಫಾರಂ ತುಂಬಲು ಕೂತ. ಎಷ್ಟು ದಿನದಿಂದ ಕಾಯುತ್ತಿದ್ದೀರಿ ಎಂದು ಅದರಲ್ಲಿ ಒಂದು ಸಾಲು ಇತ್ತು. ಭಾವ ಕ್ಯಾಲೆಂಡರು ತರಲು ಎದ್ದ.

"ಬೇಡ ಭಾವ," ಅಂದ ಮೇಸ್ತ್ರಿ. ಬೆರಳು ಮಡಿಸದೆ ಬರೆದ: ಒಂದು ಸಾವಿರದ ಮೂವತ್ತೊಂಬತ್ತು. ಅದರ ಕೆಳಗೆ ಸಹಿ ಹಾಕಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮೇಸ್ತ್ರಿಯ ಮಗಳಿಗೆ ವೀಸಾ ಬಂತೇ ಎಂದು ನೀವು ಕೇಳುತ್ತೀರಿ. ಈ ಕಥೆ ಬರೆಯುವ ಹೊತ್ತಿಗೆ ಬಂದಿರಲಿಲ್ಲ. ತುರ್ತು ಅರ್ಜಿ ತಲುಪಿದೆ ಎಂದು ಒಂದು ಉತ್ತರ ಬಂದಿತ್ತು. ಮೂರು ವರ್ಷಕ್ಕೆ ಹತ್ತಿರವಾದ ಆ ಕಾಯುವಿಕೆಯಲ್ಲಿ ಬೇರೆ ಮಾತು ಹೇಳಿದ ಮೊದಲ ಕಾಗದ ಅದು. ಮಗಳು ಅಲ್ಲಿ ಕಾಲೇಜಿಗೂ ಸೇರಿದ್ದಾಳೆ.

ಎಲ್ಲರೂ ಕೇಸು ಹಾಕಲೇಬೇಕೆಂದು ನಾವು ಹೇಳುವುದಿಲ್ಲ. ನಿಮ್ಮ ಅರ್ಜಿ ತಡವಾಗಿದ್ದರೆ ಮೊದಲು ಬರವಣಿಗೆಯಲ್ಲಿ ಕೇಳಿ. ಕಳಿಸಿದ್ದಕ್ಕೂ ಬಂದದ್ದಕ್ಕೂ ನಕಲು ಇಟ್ಟುಕೊಳ್ಳಿ. ವಯಸ್ಸು, ಕಾಯಿಲೆ, ಓದು, ಹೀಗೆ ಗಡುವು ಇರುವ ಸಂಗತಿ ಇದ್ದರೆ ಅದನ್ನು ಇಂದೇ ತಿಳಿಸಿ. ಗುಂಪಿಗೆ ಸೇರುವ ಮುನ್ನ ಒಪ್ಪಂದ ಓದಿ, ಓದಲು ಬಾರದಿದ್ದರೆ ನಂಬಿಕಸ್ಥರಿಂದ ಓದಿಸಿ, ಮನೆಯವರೊಂದಿಗೆ ಕೂತು ಮಾತಾಡಿ. ಗ್ಯಾರಂಟಿ ಕೊಡುವವರಿಂದ ದೂರ ಇರಿ. ಇಷ್ಟಾದ ಮೇಲೆ ಸೇರುವುದೋ ಬಿಡುವುದೋ ನಿಮ್ಮ ಇಷ್ಟ. ಭಯಕ್ಕೆ ಮಾತ್ರ ಬಿಡಬೇಡಿ. ನಿಮ್ಮ ಫೈಲಿನ ಮೇಲೆ ಯಾರಿಗೂ ಸಿಟ್ಟು ಇರಲಿಕ್ಕಿಲ್ಲ. ಅದು ಯಾವುದೋ ಚೀಲದ ಹಿಂದೆ ಗೋಡೆಗೆ ಒರಗಿರಬಹುದು. ಎದ್ದು ನೋಡಿ ಹೇಳುತ್ತಿದ್ದೀರಾ, ಕೂತೇ ಹೇಳುತ್ತಿದ್ದೀರಾ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ.