ಕೊಳಲಿನಿಂದ ಗುಡಿಸಿದ ಕಸ

ನನ್ನ ಕಸುಬು ಗುಡಿಸುವುದು. ನೆಲವನ್ನಲ್ಲ, ಸದ್ದನ್ನು. ಜನ ಹಳೆಯ ಕ್ಯಾಸೆಟ್ಟುಗಳನ್ನು ತಂದುಕೊಡುತ್ತಾರೆ. ನಾನು ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಗೊರಗೊರ, ಕಿರಕಿರ, ಯಾರದೋ ಕೆಮ್ಮು, ಯಾರ ಮನೆಯದೋ ನಾಯಿ ಎಲ್ಲವನ್ನೂ ಹೆಕ್ಕಿ ತೆಗೆದು, ಹಾಡೊಂದನ್ನೇ ತೊಳೆದಿಟ್ಟ ಲೋಟದ ಹಾಗೆ ವಾಪಸು ಕೊಡುತ್ತೇನೆ. ಮನೆಯ ಹಿಂದಿನ ಕೋಣೆಯೇ ಅಂಗಡಿ. ಅತ್ತೆ ನನಗೆ ಪೊರಕೆರಾಣಿ ಎಂದು ಹೆಸರಿಟ್ಟಿದ್ದಾರೆ, ಅದಕ್ಕೆ ನನಗೇನೂ ಬೇಜಾರಿಲ್ಲ. ನನ್ನಷ್ಟು ಚೊಕ್ಕವಾಗಿ ಕೆಲಸ ಮಾಡುವವರು ಸುತ್ತಮುತ್ತ ಯಾರೂ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳುವ ತನಕ ಕಾಯುತ್ತ ಕೂತರೆ ಆಯಸ್ಸೇ ಮುಗಿದೀತು.

ಹೀಗಿರುವಾಗ ನನ್ನ ಗೆಳತಿ ಒಂದು ಕ್ಯಾಸೆಟ್ಟು ಹಿಡಿದು ಬಂದಳು. ಅವಳು ಹಲ್ಲಿನ ಡಾಕ್ಟರು. ಕ್ಯಾಸೆಟ್ಟಿನಲ್ಲಿದ್ದದ್ದು ಅವಳಪ್ಪ ನುಡಿಸಿದ ಐರಿಶ್ ಕೊಳಲು. ಅವರು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಯಾವುದೋ ಹಡಗಿನ ಅಡುಗೆಯವ ಕೊಟ್ಟುಹೋದ ಮರದ ಕೊಳಲನ್ನು ಹಿಡಿದುಕೊಂಡು, ಐರ್ಲೆಂಡಿನ ರೆಕಾರ್ಡುಗಳನ್ನು ಕೇಳಿ ಕೇಳಿ ತಾವೇ ಕಲಿತರಂತೆ. ಕಳೆದ ವರ್ಷ ಅವರ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ಕಿತ್ತವಳು ಮಗಳೇ, ಹೊಸ ಹಲ್ಲಿನ ಸೆಟ್ಟು ಮಾಡಿಕೊಟ್ಟವಳೂ ಮಗಳೇ. ಅಂದಿನಿಂದ ಅವರು ಕೊಳಲು ಮುಟ್ಟಿರಲಿಲ್ಲ.

"ಬೈದುಬಿಟ್ರೆ ಪರವಾಗಿಲ್ಲ ಕಣೇ. ಬೈಯೋದೂ ಇಲ್ಲ," ಎಂದಳು. "ಹಲ್ಲು ಚೆನ್ನಾಗಿ ಕೂತಿದೆ ಮಗಳೇ ಅಂತಾನೆ, ಪೆಟ್ಟಿಗೆ ಮುಚ್ಚಿಡ್ತಾನೆ. ಇದನ್ನ ಕ್ಲೀನಾಗಿ ಕೇಳಿಸಿದ್ರೆ ಆಸೆ ಹುಟ್ಟಬಹುದೇನೋ. ಒಂದ್ಸಲ ಊದಿಬಿಟ್ರೆ ಸಾಕು ನನಗೆ."

ಊರವರ ಬಾಯನ್ನೆಲ್ಲ ತೆರೆಸುವವಳು ಅಪ್ಪನ ಬಾಯಿ ತೆರೆಸಲಾಗದೆ ಒದ್ದಾಡುತ್ತಿದ್ದಳು. ಎರಡು ವಾರದಲ್ಲಿ ಮುಗಿಸಿ ಕೊಡುತ್ತೇನೆ ಎಂದೆ.

ಆ ಕ್ಯಾಸೆಟ್ಟು ಹಾಕಿದ ದಿನದಿಂದ ನಮ್ಮ ಮನೆ ಕೆಟ್ಟಿತು. ಅದು ರೀಲ್ ಎನ್ನುವ ಜಾತಿಯ ಸಂಗೀತ, ಕುಣಿತಕ್ಕೆಂದೇ ಹುಟ್ಟಿದ್ದು. ಪುಟ್ಟದೊಂದು ಧಾಟಿ ಓಡುತ್ತ ಹೊರಡುತ್ತದೆ, ಮೇಲೆ ಹತ್ತುತ್ತದೆ, ಜಾರಿ ಕೆಳಗಿಳಿದು ಮತ್ತೆ ಶುರುವಾದಲ್ಲಿಗೇ ಬಂದು ನಿಲ್ಲದೆ ಓಡುತ್ತದೆ. ಸರಿ, ಈಗ ಮುಗಿಯಿತು ಎನ್ನುವಷ್ಟರಲ್ಲಿ ಅದರ ಬಾಲ ಹಿಡಿದು ಇನ್ನೊಂದು ಧಾಟಿ ಒಳಗೆ ನುಗ್ಗಿರುತ್ತದೆ. ನಿಲ್ದಾಣವೇ ಇಲ್ಲದ ಬಸ್ಸು ಅದು, ಹತ್ತಿದವರು ಇಳಿಯುವ ಹಾಗಿಲ್ಲ. ಈರುಳ್ಳಿ ಹೆಚ್ಚಲು ಕೂತ ಅತ್ತೆ ಕೊಳಲಿನ ಓಟಕ್ಕೆ ಸಿಕ್ಕಿ ಬುಟ್ಟಿಯಲ್ಲಿದ್ದದ್ದನ್ನೆಲ್ಲ ಹೆಚ್ಚಿ ಹಾಕಿದರು. ನನ್ನ ಗಂಡ ಒಂದು ಕೆನ್ನೆಗೆ ಮಾತ್ರ ಕ್ಷೌರ ಮಾಡಿಕೊಂಡು ಆಫೀಸಿಗೆ ಹೋಗಿ, ಸಂಜೆ ಬಂದು ನನ್ನನ್ನೇ ಬೈದರು. ನಾನಂತೂ ಮೆಟ್ಟಿಲನ್ನು ಒಂದೊಂದಾಗಿ ಹತ್ತುವುದನ್ನೇ ಮರೆತಿದ್ದೆ. ಕಾರಣವಿಲ್ಲದೆ ನಗು ಬರುತ್ತಿತ್ತು. ಮೂವರಿಗೂ ಹುಚ್ಚು ಹಿಡಿದಿದೆ ಎಂದು ಕೆಳಗಿನ ಮನೆಯವರು ಮಾತಾಡಿಕೊಂಡಿದ್ದರೆ ಅದರಲ್ಲಿ ಅವರ ತಪ್ಪೇನಿಲ್ಲ.

ಆದರೆ ಕೆಲಸ ಕೆಲಸವೇ. ಟೇಪಿನ ಗೊರಗೊರ ತೆಗೆದೆ. ಆ ಮೇಲೆ ಕಾಲಿನ ಕುಟ್ಟು ಕೇಳಿಸಿತು, ಅದನ್ನೂ ತೆಗೆದೆ. ಕುರ್ಚಿ ಕಿರುಗುಟ್ಟುವುದು, ಪಾತ್ರೆಯ ಸದ್ದು, ಮಾತು, ಯಾರದೋ ನಗು, ಎಲ್ಲ ಹೋಯಿತು. ಕಡೆಗೆ ಉಸಿರು. ನಾಲ್ಕು ಹೆಜ್ಜೆಗೊಮ್ಮೆ ಅವರು ಒಂದು ಸ್ವರ ನುಂಗಿ ಆ ಸಂದಿಯಲ್ಲಿ ಸರಕ್ಕನೆ ಉಸಿರೆಳೆಯುತ್ತಿದ್ದರು. ಅಲ್ಲೆಲ್ಲ ಅಕ್ಕಪಕ್ಕದ ಸ್ವರವನ್ನೇ ಎಳೆದು ತೇಪೆ ಹಾಕಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅತ್ತೆಯನ್ನು ಕರೆದು ಕೇಳಿಸಿದೆ.

"ಚೆನ್ನಾಗಿದೆಯಮ್ಮ," ಎಂದರು ಅತ್ತೆ, ಉಪ್ಪಿಲ್ಲದ ಸಾರಿಗೆ ಹೇಳುವ ದನಿಯಲ್ಲಿ. ಅವರ ಕಾಲು ಅಲ್ಲಾಡಲಿಲ್ಲ. ನಾನು ಅದನ್ನು ಕಂಡೂ ಕಾಣದವಳಂತೆ ಇದ್ದುಬಿಟ್ಟೆ.

ಭಾನುವಾರ ಗೆಳತಿ ಅಪ್ಪನನ್ನು ಕರೆದುಕೊಂಡು ಬಂದಳು. ಎತ್ತರದ ಆಳು, ಹೊಸ ಹಲ್ಲು ಫಳಫಳ. ಅವಳ ಕೈಚೀಲದಲ್ಲಿ ಕೊಳಲಿನ ಪೆಟ್ಟಿಗೆ ಇತ್ತು. ಎಲ್ಲಿ ಯಾವಾಗ ಮನಸ್ಸು ಬಂದೀತೋ ಎಂದು ಹೋದಲ್ಲೆಲ್ಲ ಹೊತ್ತು ತಿರುಗುತ್ತಿದ್ದಳು ಪಾಪ. ಅವರನ್ನು ಕೂರಿಸಿ, ನಾನು ಎದೆಯುಬ್ಬಿಸಿ ಗುಂಡಿ ಒತ್ತಿದೆ.

ಅವರು ಕೊನೆಯ ತನಕ ಕೇಳಿದರು.

"ಪರವಾಗಿಲ್ಲ. ಯಾರಿವನು?"

"ನೀನೇ ಅಪ್ಪ."

"ನಾನಾ? ಇವನು ಉಸಿರೇ ತಗೊಳ್ಳಲ್ವಲ್ಲ. ಸೈಕಲ್ ಪಂಪಿಗೆ ಕೊಳಲು ಸಿಕ್ಸಿದ ಹಾಗಿದೆ."

ಅತ್ತೆ ಫಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಗೆಳತಿಯ ಕಣ್ಣಲ್ಲಿ ನೀರೇ ಬಂತು, ಅದನ್ನು ನೋಡಿ ನನಗೆ ನನ್ನ ಚೊಕ್ಕತನದ ಮೇಲೇ ಸಿಟ್ಟು ಬಂತು. ಎದ್ದು ಬಾಗಿಲಿನವರೆಗೆ ಹೋದ ಅವಳಪ್ಪ ತಿರುಗಿದರು.

"ಅಲ್ಲಮ್ಮ, ನನ್ನ ಉಸಿರು ಎಲ್ಲಿ?"

"ತೆಗೆದುಬಿಟ್ಟೆ."

"ಕಾಲು?"

"ಅದನ್ನೂ ತೆಗೆದೆ."

"ತೆಗೆದು ಎಲ್ಲಿಗೆ ಹಾಕಿದೆ? ಬಟ್ಟೆ ಹೊಲಿಯೋಕೆ ಕೊಟ್ರೆ ಟೈಲರು ಉಳಿದ ತುಂಡು ವಾಪಸ್ ಕೊಡ್ತಾನೆ. ನನ್ನ ತುಂಡು ಕೊಡು."

ತೆಗೆದದ್ದೆಲ್ಲ ನನ್ನ ಹತ್ತಿರ ಇತ್ತು. ಏನನ್ನಾದರೂ ತಪ್ಪಿ ತೆಗೆದಿದ್ದೇನೋ ಎಂದು ನೋಡಿಕೊಳ್ಳಲು ಅದನ್ನು ಬೇರೆಯೇ ಇಟ್ಟಿರುತ್ತೇನೆ. ಅದನ್ನು ಯಾರೂ ಈವರೆಗೆ ಕೇಳಿರಲಿಲ್ಲ. ನಾಚಿಕೆಯಿಂದಲೇ ಹಾಕಿದೆ.

ಕೊಳಲಿಲ್ಲ. ಮೊದಲು ಒಂದು ಕಾಲು, ಠಕ್ಕು ಠಕ್ಕು ಠಕ್ಕು. ಆ ಮೇಲೆ ಉಸಿರು, ಸರಕ್. ಕುರ್ಚಿ ಕಿರ್ರೆಂದಿತು. ಯಾರೋ ಪಾತ್ರೆ ತೊಳೆಯುತ್ತಿದ್ದರು, ಅದೂ ತಾಳಕ್ಕೇ. ಠಕ್ಕು ಠಕ್ಕು, ಸರಕ್, ಕಿರ್, ಠಣ್. ಅತ್ತೆಯ ಕಾಲು ಶುರುವಾಯಿತು. ನನ್ನದು ಯಾವಾಗ ಶುರುವಾಯಿತೋ ಗೊತ್ತಿಲ್ಲ. ಅಷ್ಟು ಸಣ್ಣ ಕೋಣೆಯಲ್ಲಿ, ಇಲ್ಲದ ಕೊಳಲಿಗೆ ನಾವು ಮೂವರು ಹೆಂಗಸರು ಕುಣಿಯುತ್ತಿದ್ದೆವು. ಮೇಜಿನ ಮೇಲಿನ ಪೆನ್ನುಗಳೂ ಬಿದ್ದವು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. ಅಷ್ಟರಲ್ಲಿ ಆ ಕಸದ ನಡುವಿನಿಂದ ಹೆಂಗಸೊಬ್ಬರು ಗೊಳ್ಳೆಂದು ನಕ್ಕರು.

"ಅಮ್ಮ," ಎಂದಳು ಗೆಳತಿ. ಅವರು ತೀರಿಕೊಂಡು ವರ್ಷಗಳಾಗಿದ್ದವು.

"ಇನ್ಯಾರು. ಎರಡನೇ ಧಾಟಿಗೆ ತಿರುಗೋ ಕಡೆ ಎಡವಿದೆ, ಅದಕ್ಕೇ ನಗ್ತಿರೋದು," ಎಂದರು ಅವರು. ಅವರ ಬೆರಳುಗಳು ಎದೆಯ ಮುಂದೆ ಗಾಳಿಯಲ್ಲಿ ಓಡುತ್ತಿದ್ದವು. ಅವು ನಿಂತವು. "ಅಲ್ಲ, ಟೇಪಿನಲ್ಲಿರೋ ಅವನು ಪಾಪ ಅಷ್ಟು ಹೊತ್ತಿಂದ ಕಾಲು ಕುಟ್ಕೊಂಡು ಕೂತಿದಾನೆ. ಅವಳು ಪಾತ್ರೆ ತೊಳೀತಾ ಕಾಯ್ತಿದಾಳೆ. ಜಾಗ ಖಾಲಿ ಬಿಟ್ಟಿದೀರಲ್ಲ. ಕೊಡೇ ಇಲ್ಲಿ."

ಗೆಳತಿ ಕೈಚೀಲವನ್ನೇ ತಲೆಕೆಳಗು ಮಾಡಿದಳು. ಕೊಳಲಿನ ತುಂಡುಗಳನ್ನು ಜೋಡಿಸಿ ಅಪ್ಪನ ಕೈಗಿಟ್ಟಳು. ನಾನು ಕಸವನ್ನು ಮೊದಲಿನಿಂದ ಹಚ್ಚಿದೆ. ಅವರು ತುಟಿಗಿಟ್ಟು ಊದಿದರು. ಫುಸ್ ಎಂದಿತು. ಇನ್ನೊಮ್ಮೆ ಊದಿದರು, ಇನ್ನೊಮ್ಮೆ ಫುಸ್. ಅವರು ಬಾಯಿಗೆ ಕೈ ಹಾಕಿ, ಸೆಟ್ಟನ್ನು ಕಿತ್ತು, "ಹಿಡ್ಕೋ," ಎಂದು ಮಗಳ ಅಂಗೈಗೆ ಇಟ್ಟರು.

ಮೂರನೆಯ ಸಲ ಸ್ವರ ಬಂತು. ಗಾಳಿಯೇ ಹೆಚ್ಚು, ಸ್ವರ ಕಡಿಮೆ, ಆದರೆ ಬಂತು. ಒಂದರ ಹಿಂದೆ ಒಂದು, ಕುಂಟುತ್ತ, ಆ ಮೇಲೆ ಕುಂಟುವುದನ್ನು ಮರೆತು. ಸ್ಪೀಕರಿನಲ್ಲಿ ಹಳೆಯ ಉಸಿರು ಸರಕ್ಕೆಂದಾಗ ಇಲ್ಲಿ ಹೊಸ ಉಸಿರೂ ಸರಕ್ಕೆನ್ನುತ್ತಿತ್ತು. ಕಾಲು ಅಲ್ಲಿಯದು ಯಾವುದು, ಇಲ್ಲಿಯದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಗೆಳತಿ ಅಂಗೈಯಲ್ಲಿ ಹಲ್ಲು ಹಿಡಿದುಕೊಂಡೇ ಅತ್ತೆಯ ಕೈ ಹಿಡಿದು ಗಿರಗಿರ ತಿರುಗಿದಳು. ನನಗೆ ಅಷ್ಟು ಸಂತೋಷವಾದದ್ದು ಯಾವಾಗಲೋ ನೆನಪಿಲ್ಲ.

ಧಾಟಿ ತಿರುಗುವ ಕಡೆ ಬಂತು. ಅವರು ಎಡವಿದರು, ಕೊಳಲು ಕೀಚ್ ಎಂದಿತು. ಸ್ಪೀಕರಿನಿಂದ ಹೆಂಡತಿ ಗೊಳ್ಳೆಂದು ನಕ್ಕರು.

ಅವರು ಕೊಳಲು ಕೆಳಗಿಳಿಸಿ ಸ್ಪೀಕರಿನತ್ತ ತಿರುಗಿದರು.

"ನಗು, ನಗು. ನಿನ್ನ ಮಗಳು ನನ್ನ ಹಲ್ಲೆಲ್ಲ ಕಿತ್ತು ಹಾಳು ಮಾಡಿದಾಳೆ, ಅವಳನ್ನ ಕೇಳು."

ಒಂದು ವರ್ಷದಿಂದ ಬೈಸಿಕೊಳ್ಳಲು ಕಾದಿದ್ದವಳು ಅಳುತ್ತ ನಗುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಟೇಪಿನ ಕಾಲು ಯಾರಿಗೂ ಕಾಯದೆ ಮುಂದೆ ಹೋಗುತ್ತಿತ್ತು. ಅವರು ಕೊಳಲು ತುಟಿಗೇರಿಸಿ ಅದನ್ನು ಹಿಡಿಯಲು ಓಡಿದರು.