ಮೂರನೆಯ ಚರಣ

ಹತ್ತೋರಿ-ಸಾನ್ ನಲವತ್ತು ವರ್ಷದಿಂದ ಹುಡುಕುತ್ತಿದ್ದ ಹಾಡು ಕೊನೆಗೆ ಸಿಕ್ಕಿದ್ದು ಸಾಹಿತ್ಯಳ ಕೈಗೆ. ಅದೂ ಎಲ್ಲಿ? ಅವಳು ದಿನಾ ಮೆಟ್ಟಿಲಿಳಿದು ಹೋಗುತ್ತಿದ್ದ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಹಳೆಯ ಸೂಕ್ಷ್ಮದರ್ಶಕಗಳ ಹಿಂದೆ, ಹತ್ತಿ ತುರುಕಿದ ಒಂದು ರಟ್ಟಿನ ಡಬ್ಬಿಯಲ್ಲಿ. ಆ ಮನುಷ್ಯ ಜರ್ಮನಿಯ ಒಂದು ಪತ್ರಾಗಾರವನ್ನೂ ಬಿಡದೆ ಕಾಡಿಸಿದ್ದ. ಹಾಡು ಮಾತ್ರ ಅವನ ಮನೆಯಿಂದ ನಾಲ್ಕು ಸ್ಟೇಷನ್ ಆಚೆ ಬೂಸ್ಟು ಹಿಡಿದು ಕೂತಿತ್ತು. ಇಂಥದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಸಾಹಿತ್ಯ ಮೈಸೂರಿನವಳು. ಜಪಾನಿನ ನಗೋಯಾದಲ್ಲಿ ಹಾಳಾದ ಧ್ವನಿಮುದ್ರಣಗಳನ್ನು ರಿಪೇರಿ ಮಾಡುವ ಸಂಶೋಧಕಿ. ಗಂಡ ಅವಿನಾಶ್ ಅದೇ ಊರಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಬೆಂಗಳೂರಿನಲ್ಲಿದ್ದಾಗ ಅವಳು ಹಟ ಹಿಡಿದು ಜರ್ಮನ್ ಕಲಿತಿದ್ದಳು. ಆ ಒಂದು ಕಾರಣಕ್ಕೆ ಹತ್ತೋರಿ-ಸಾನ್ ಅವಳ ಲ್ಯಾಬಿನ ಬಾಗಿಲು ತಟ್ಟಿದ್ದು. ಬೇಕರಿ ನಡೆಸಿ ನಿವೃತ್ತನಾದ ಮುದುಕ, ಬೆನ್ನು ಬಾಗಿದೆ, ಕಣ್ಣು ಮಾತ್ರ ಬೂದುಬಣ್ಣ. ಬಂದಾಗಲೆಲ್ಲ ಒಂದು ಪೊಟ್ಟಣ ಬ್ರೆಡ್ ತರುತ್ತಿದ್ದ.

ಆ ಕಣ್ಣು ಅವನಿಗೆ ತಾಯಿಯ ತಂದೆಯಿಂದ ಬಂದದ್ದು. ತಾತನ ಹೆಸರು ಒಟ್ಟೊ ಬ್ರಾಂಟ್. ಚೀನಾದ ಕರಾವಳಿಯ ಜರ್ಮನ್ ವಸಾಹತಿನಲ್ಲಿ ಸಿಪಾಯಿಯಾಗಿದ್ದ. ಮೊದಲ ಮಹಾಯುದ್ಧದಲ್ಲಿ ಜಪಾನ್ ಆ ಊರನ್ನು ಗೆದ್ದಾಗ ಕೈದಿಯಾಗಿ ನಗೋಯಾಕ್ಕೆ ಬಂದ. ಬಿಡುಗಡೆಯಾದ ಮೇಲೂ ಇಲ್ಲೇ ಉಳಿದು, ಬ್ರೆಡ್ ಸುಟ್ಟು, ಜಪಾನಿ ಹೆಂಗಸನ್ನು ಮದುವೆಯಾಗಿ, ಮೊಮ್ಮಗ ಹುಟ್ಟುವ ಮೊದಲೇ ಸತ್ತ. ಆಮೇಲಿನ ಯುದ್ಧದಲ್ಲಿ ಜಪಾನ್ ಸೋತು ಅಮೆರಿಕನ್ ಸೈನ್ಯ ಬಂದಿಳಿದ ಮೇಲೆ ಬೀದಿಯ ಹುಡುಗರು ಬೂದುಗಣ್ಣಿನ ಈ ಹುಡುಗನನ್ನು ಅಮೆರಿಕನ್ ಸಿಪಾಯಿಗೆ ಹುಟ್ಟಿದವನು ಎಂದು ಅಟ್ಟಾಡಿಸಿ ಹೊಡೆಯುತ್ತಿದ್ದರು. ಅಳುತ್ತಾ ಮನೆಗೆ ಬಂದರೆ ತಾಯಿ ಹೇಳುತ್ತಿದ್ದದ್ದು ಒಂದೇ ಮಾತು: 'ನಿನ್ನ ತಾತ ಒಳ್ಳೆಯ ಮನುಷ್ಯ.' ಸಾಕ್ಷಿ ಏನಮ್ಮಾ ಎಂದರೆ ತಾತ ಕಲಿಸಿದ ಹಾಡು ಹಾಡುತ್ತಿದ್ದಳು.

ಅದು ವಸಾಹತುಗಳ ಜರ್ಮನ್ ಸಿಪಾಯಿಗಳು ಹೆಜ್ಜೆ ಹಾಕುತ್ತಾ ಹಾಡುತ್ತಿದ್ದ ಹಾಡು. ಮೊದಲ ಚರಣದಲ್ಲಿ ಊರಿನ ಗುಡ್ಡ, ಎರಡನೆಯದರಲ್ಲಿ ಬಿಟ್ಟುಬಂದ ಹುಡುಗಿ. ಮೂರನೆಯದು ತಾಯಿಗೂ ಗೊತ್ತಿರಲಿಲ್ಲ, ಬರೀ ಗುನುಗುತ್ತಿದ್ದಳು. ಹಾಡು ಚೀನಾದಲ್ಲಿ ಹುಟ್ಟಿದ್ದಲ್ಲ, ಅದಕ್ಕೂ ಮೊದಲು ಆಫ್ರಿಕದ ಜರ್ಮನ್ ವಸಾಹತಿನಲ್ಲಿ ಹುಟ್ಟಿದ್ದು ಎನ್ನುವಲ್ಲಿಗೆ ಹತ್ತೋರಿ-ಸಾನ್‌ನ ನಲವತ್ತು ವರ್ಷ ಮುಗಿದಿತ್ತು. ವಾರಗೆಯ ಮುದುಕ ಮುದುಕಿಯರನ್ನು ಕೂಡಿಸಿ ಅವನೊಂದು ಗಾಯನ ತಂಡ ಕಟ್ಟಿದ್ದ. ಪ್ರತಿ ನವೆಂಬರ್‌ನಲ್ಲಿ ಅವರು ಗುಡ್ಡದ ಸ್ಮಶಾನಕ್ಕೆ ಹೋಗಿ, ಒಟ್ಟೊನ ಸಮಾಧಿಯ ಮುಂದೆ ಎರಡು ಚರಣ ಹಾಡಿ ಮೂರನೆಯದನ್ನು ಬಾಯಿ ಮುಚ್ಚಿಕೊಂಡು ಗುನುಗಿ ಬರುತ್ತಿದ್ದರು.

ಈ ಬೇಸಿಗೆಯಲ್ಲಿ ಅವನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಮುಂದಿನ ವಸಂತದ ಸಕುರಾ ಹೂವು ನೋಡುವುದು ಕಷ್ಟ ಎಂದರು ಡಾಕ್ಟರು.

"ಸಾಹಿತ್ಯ-ಸಾನ್, ಸಾವಿಗೆ ನಾನು ಹೆದರೋದಿಲ್ಲ," ಎಂದ ಲ್ಯಾಬಿನಲ್ಲಿ ಕೂತು. "ತಾತ ಎಂಥ ಮನುಷ್ಯ ಅನ್ನೋದು ತಿಳಿದು ಹೋಗಬೇಕು. ಆ ಮೂರನೆಯ ಚರಣ ಒಂದು ಸಿಕ್ಕರೆ ಸಾಕು."

ಹಾಗೆ ಹುಡುಕಲು ಹೋಗಿಯೇ ಆ ಡಬ್ಬಿ ಸಿಕ್ಕಿದ್ದು. ಕೈದಿಗಳ ಶಿಬಿರಕ್ಕೆ ಹೋಗಿಬರುತ್ತಿದ್ದ ಯಾರೋ ಸಂಗೀತದ ಮೇಷ್ಟ್ರು ಮಾಡಿಕೊಂಡಿದ್ದ ಧ್ವನಿಮುದ್ರಣ: ಗೆರೆಗಳಲ್ಲಿ ದನಿ ಕೊರೆದ ಒಂದು ಮೇಣದ ಉರುಳೆ. ಸೂಜಿ ತಗುಲಿದರೆ ಪುಡಿಯಾಗುತ್ತದೆ. ಅದಕ್ಕೆ ಸಾಹಿತ್ಯ ಬೆಳಕಿನಿಂದಲೇ ಗೆರೆಗಳನ್ನು ಓದಿಸಿ, ವಾರಗಟ್ಟಲೆ ಕೂತು ಕರಕರ ಸದ್ದನ್ನು ಒಂದೊಂದೇ ಕಿತ್ತು ತೆಗೆದಳು. ಕೊನೆಗೊಂದು ಮಧ್ಯಾಹ್ನ ನೂರು ವರ್ಷದ ಹಿಂದಿನ ನಾಲ್ವರು ಗಂಡಸರು ಅವಳ ಕಿವಿಯಲ್ಲಿ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿದರು. ನಾಲ್ಕನೆಯವನದು ಬಾವಿಯ ತಳದಿಂದ ಬಂದಂಥ ದಪ್ಪ ದನಿ: "ಒಟ್ಟೊ ಬ್ರಾಂಟ್." ಸಾಹಿತ್ಯ ಕುರ್ಚಿಯಲ್ಲೇ ಕುಣಿದಳು. ಒಟ್ಟಿಗೆ ಹಾಡಿದರು. ಗುಡ್ಡ ಬಂತು, ಹುಡುಗಿ ಬಂದಳು. ಆಮೇಲೆ ಮೂರನೆಯದು ಬಂತು.

ಮರಳುಗಾಡಿನಲ್ಲಿ ಒಂದೇ ಬಾವಿ, ನಾವು ಅದಕ್ಕೆ ಕಾವಲು ಕೂತೆವು. ಬಾಯಾರಿದ ಹೆಂಗಸರು ಬಂದರು, ಮಕ್ಕಳನ್ನು ಕರೆತಂದರು. ಕೇಳಿದವರಿಗೆಲ್ಲ ಸೀಸದ ಗುಂಡು ಕೊಟ್ಟೆವು. ಮರಳು ಹೊಟ್ಟೆ ತುಂಬ ಕುಡಿಯಿತು, ಹುರ್ರಾ! ಹುರ್ರಾದ ಹಿಂದೆಯೇ ಯಾರೋ ಗಹಗಹಿಸಿ ನಕ್ಕ ಸದ್ದು.

ಅವಳು ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು. ಜರ್ಮನರು ಆಫ್ರಿಕದಲ್ಲಿ ಒಂದು ಜನಾಂಗವನ್ನೇ ಮರಳುಗಾಡಿಗೆ ಅಟ್ಟಿ ನೀರಿಲ್ಲದೆ ಕೊಂದದ್ದನ್ನು ಅವಳು ಓದಿದ್ದಳು. ಓದುವುದೇ ಬೇರೆ, ಕೊಂದವರ ಬಾಯಿಂದ ಹಾಡಾಗಿ ಕೇಳುವುದೇ ಬೇರೆ. ಇನ್ನೊಂದು ಸಲ ಅದನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

"ಹೇಳ್ಬಿಡು ಸಾಹಿ," ಎಂದ ಅವಿನಾಶ್, ಊಟಕ್ಕೆ ಕೂತಾಗ. "ಇದು ರಿಸರ್ಚ್ ಕಣೇ. ಇರೋದನ್ನ ಇರೋ ಹಾಗೆ ಹೇಳೋದಷ್ಟೇ ನಿನ್ ಕೆಲಸ."

"ಸಾಯೋ ಮನುಷ್ಯಂಗಾ? ಹೇಗೋ ಹೇಳ್ಲಿ ಅವಿ? ನಿಮ್ ತಾತ ಮಕ್ಕಳನ್ನ ಕೊಂದಿದ್ದನ್ನ ಹಾಡ್ಕೊಂಡು ನಗ್ತಿದ್ದ ಅಂತಾನಾ?"

"ಮತ್ತೇನ್ ಮಾಡ್ತೀಯ?"

"ನಮ್ಮಜ್ಜಿಗೆ ಮಾಡಿದ್ದನ್ನೇ."

ಅವಳ ಅಜ್ಜಿ ಮೈಸೂರಿನಲ್ಲಿ ಹಾಸಿಗೆ ಹಿಡಿದಿದ್ದಾಗ ಮಸ್ಕತ್ತಿನಲ್ಲಿದ್ದ ಮಗ, ಸಾಹಿತ್ಯಳ ಸೋದರಮಾವ, ಹೃದಯ ನಿಂತು ಹೋಗಿಬಿಟ್ಟಿದ್ದ. ಇಡೀ ಮನೆ ಒಂದಾಗಿ ಆ ಸಾವನ್ನು ಅಜ್ಜಿಯಿಂದ ಮುಚ್ಚಿಟ್ಟಿತು. ಅವನಿಗೆ ರಜೆ ಸಿಗಲಿಲ್ಲವಂತೆ, ಮುಂದಿನ ತಿಂಗಳು ಬರುತ್ತಾನಂತೆ ಎಂದು ಹೇಳುತ್ತಲೇ ಬಂದರು. ಪಕ್ಕದ ಮನೆಯವರೂ ಹೇಳಿದರು, ಪೂಜೆಗೆ ಬಂದ ಪುರೋಹಿತರೂ ಹೇಳಿದರು. ಅಜ್ಜಿ ಮಗನ ದಾರಿ ನೋಡುತ್ತಲೇ ಕಣ್ಣು ಮುಚ್ಚಿದಾಗ 'ಎಷ್ಟು ನೆಮ್ಮದಿಯಾಗಿ ಹೋದಳು ಪುಣ್ಯಾತ್ಗಿತ್ತಿ' ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ನಮ್ಮಲ್ಲಿ ಇದನ್ನು ಸುಳ್ಳು ಅನ್ನುವುದಿಲ್ಲ. ಸಾಹಿತ್ಯಳೂ ಅನ್ನುತ್ತಿರಲಿಲ್ಲ.

ಹತ್ತೋರಿ-ಸಾನ್ ತನ್ನ ಮಗಳು ಮಿಚಿಕೊಳ ತೋಳು ಹಿಡಿದುಕೊಂಡು ಲ್ಯಾಬಿಗೆ ಬಂದ. ತಾತ ತನ್ನ ಹೆಸರು ಹೇಳುವುದನ್ನು ಕೇಳಿ ಅವನು ಮುಂದಕ್ಕೆ ಬಾಗಿ ಕೂತ. ಪತ್ರಾಗಾರಗಳನ್ನು ಕಾಡಿಸಿ ಕಾಡಿಸಿ ಅವನಿಗೆ ಹತ್ತಿಪ್ಪತ್ತು ಜರ್ಮನ್ ಪದ ಬರುತ್ತಿತ್ತು. ಮೂರನೆಯ ಚರಣದಲ್ಲಿ ಅಂಥ ಮೂರು ಪದ ಹಿಡಿದೇಬಿಟ್ಟ.

"ಬಾವಿ ಅಂದರಲ್ಲವೇ? ಮಕ್ಕಳು ಅಂದರು. ಕೊಟ್ಟೆವು ಅಂದರು. ಏನು ಕೊಟ್ಟರು, ಸಾಹಿತ್ಯ-ಸಾನ್?"

"ನೀರು," ಎಂದಳು ಸಾಹಿತ್ಯ. ಶುರು ಮಾಡಿದ ಮೇಲೆ ಕಷ್ಟವೇ ಆಗಲಿಲ್ಲ. "ಮರಳುಗಾಡಿನಲ್ಲಿ ಒಂದು ಬಾವಿ ಇತ್ತು. ಬಾಯಾರಿದ ಹೆಂಗಸರು, ಮಕ್ಕಳು ಬಂದರು. ಕೇಳಿದವರಿಗೆಲ್ಲ ನೀರು ಕೊಟ್ಟೆವು. ಹೊಟ್ಟೆ ತುಂಬ ಕುಡಿದರು, ಹುರ್ರಾ ಅಂತ."

ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಮ್ಮ ಹೇಳಿದ್ದು ನಿಜ, ನಿಜ ಎಂದು ಮತ್ತೆ ಮತ್ತೆ ಅಂದ. ಮಿಚಿಕೊ ಎದ್ದು ನಿಂತು ಸಾಹಿತ್ಯಳಿಗೆ ಸೊಂಟದವರೆಗೆ ಬಾಗಿದಳು. ತಾನು ಮಾಡಿದ್ದು ಸರಿ ಎಂದು ಸಾಹಿತ್ಯಳಿಗೆ ಆ ಗಳಿಗೆಯಲ್ಲಿ ಖಂಡಿತವಾಗಿ ಅನ್ನಿಸಿತು. ತಾತನ ದನಿ ಬೇಕೆಂದು ಅವನು ಕೇಳಿದಾಗ ಮುದ್ರಣವನ್ನೂ ಹಾಕಿಕೊಟ್ಟಳು. ಕೊಡದೆ ಹೇಗಿದ್ದಾಳು?

ನವೆಂಬರ್‌ನಲ್ಲಿ ಸ್ಮಶಾನಕ್ಕೆ ಕರೆದರು, ಹೋದಳು. ಎಂದಿನಂತೆ ಗುನುಗುತ್ತಾರೆ ಎಂದೇ ಅವಳ ಲೆಕ್ಕ. ಆದರೆ ಆ ಮುದುಕ ಸುಮ್ಮನೆ ಕೂತಿರಲಿಲ್ಲ. ಮುದ್ರಣವನ್ನು ನೂರು ಸಲ ಕೇಳಿ, ಮೂರನೆಯ ಚರಣದ ಒಂದೊಂದು ಸದ್ದನ್ನೂ ಜಪಾನಿ ಅಕ್ಷರದಲ್ಲಿ ಬರೆದು, ತಂಡಕ್ಕೆಲ್ಲ ಬಾಯಿಪಾಠ ಮಾಡಿಸಿದ್ದ. ಸಮಾಧಿಯ ಪಕ್ಕದಲ್ಲಿ ಒಂದು ಮೇಜು. ಮೇಜಿನ ಮೇಲೆ ನೀರು ತುಂಬಿದ ಲೋಟಗಳ ಸಾಲು.

"ತಾತ ಕೊಟ್ಟ ಹಾಗೆ ನಾವೂ ಬಂದವರಿಗೆಲ್ಲ ನೀರು ಕೊಡೋದು," ಎಂದ ಹತ್ತೋರಿ-ಸಾನ್. ಮೈಯೆಲ್ಲ ಇಳಿದುಹೋಗಿತ್ತು, ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ. "ನಿಮಗೊಂದು ಸಂತೋಷದ ಸುದ್ದಿ. ಈ ಸಲ ಜರ್ಮನಿಯವರೊಬ್ಬರನ್ನೂ ಕರೆದಿದ್ದೇನೆ. ನಮ್ಮ ಉಚ್ಚಾರ ಅವರು ಕೇಳಲಿ." ಅವನ ಪಕ್ಕದಲ್ಲಿ ಯೂಲಿಯಾ ಎಂಬ ಭಾಷಾ ಶಾಲೆಯ ಅಧ್ಯಾಪಕಿ ನಗುತ್ತಾ ನಿಂತಿದ್ದಳು.

ಸಾಹಿತ್ಯ ಆಗಲೇ ತಡೆಯಬೇಕಿತ್ತು. ನಿಲ್ಲಿಸಿ ಎನ್ನಬೇಕಿತ್ತು. ಅಯ್ಯೋ, ಒಂದು ಮಾತು, ತಲೆಸುತ್ತು ಎಂದು ಬಿದ್ದಿದ್ದರೂ ಆಗುತ್ತಿತ್ತು. ಅವಳು ಎಲ್ಲರ ಹಿಂದೆ ಸರಿದು ನಿಂತಳು. ಹಾಡು ಶುರುವಾಯಿತು. ಗುಡ್ಡ, ಹುಡುಗಿ. ಮೂರನೆಯ ಚರಣ ಬರುತ್ತಿದ್ದಂತೆ ಮುದುಕಿಯರು ಹುಮ್ಮಸ್ಸಿನಿಂದ ದನಿ ಎತ್ತರಿಸಿ, ಬಾವಿಗೆ ಕಾವಲು ಕೂತು, ಮಕ್ಕಳಿಗೆ ಸೀಸ ಕೊಟ್ಟು, ಹುರ್ರಾ ಎಂದು ಕೈ ಮೇಲೆತ್ತಿದರು. ಮಿಚಿಕೊ ಮೊದಲ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಅತಿಥಿಗೆ ಕೊಟ್ಟಳು.

ಯೂಲಿಯಾ ಕುಡಿಯಲಿಲ್ಲ. ಲೋಟವನ್ನು ಮೇಜಿಗೆ ಮರಳಿಸಿ, ತೊದಲು ಜಪಾನಿಯಲ್ಲಿ ಕೇಳಿದಳು: "ಸುಮಿಮಾಸೆನ್, ಕ್ಷಮಿಸಿ... ಇದರ ಅರ್ಥ ನಿಮಗೆಲ್ಲ ಗೊತ್ತೇ?"

ಹತ್ತೋರಿ-ಸಾನ್ ನಗುತ್ತಲೇ ಅರ್ಥ ಹೇಳಿದ. ಅವಳು ಅಲ್ಲ ಎಂದು ತಲೆಯಾಡಿಸಿದಳು. ಅವನು ನಿಧಾನಕ್ಕೆ ಸಾಹಿತ್ಯಳ ಕಡೆ ತಿರುಗಿದ.

"ಸಾಹಿತ್ಯ-ಸಾನ್, ಏನು ಕೊಟ್ಟರು?"

ಅಷ್ಟು ಜನರ ಮುಂದೆ ಅವಳು ನಿಜ ಹೇಳಬೇಕಾಯಿತು. ಹೇಳಿದಳು. ತಂಡದ ಒಬ್ಬ ಮುದುಕಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹತ್ತೋರಿ-ಸಾನ್ ಯಾರನ್ನೂ ಬಯ್ಯಲಿಲ್ಲ. ಮಿಚಿಕೊಳ ತೋಳು ಬಿಟ್ಟು, ಒಬ್ಬನೇ ನಿಂತು ಯೂಲಿಯಾಗೆ ಬಾಗಿದ, ತಂಡಕ್ಕೆ ಬಾಗಿದ, ಕೊನೆಗೆ ಸಾಹಿತ್ಯಳಿಗೂ ಬಾಗಿದ. "ನಿಮಗೆ ಬಹಳ ಭಾರ ಹೊರಿಸಿಬಿಟ್ಟೆ, ಕ್ಷಮಿಸಿ," ಎಂದ. ಅವನು ಕೆನ್ನೆಗೆ ಬಾರಿಸಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಮರುದಿನವೇ ಅವನನ್ನು ಆಸ್ಪತ್ರೆಗೆ ಸೇರಿಸಿದರು.

"ಹೋಗಿ ಕ್ಷಮೆ ಕೇಳ್ಕೊಂಡ್ ಬಾ," ಎಂದ ಅವಿನಾಶ್. "ಬರೀ ಅಳ್ತಾ ಕೂತ್ರೆ ಏನ್ ಬಂತು?"

ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಅವಳು ಲ್ಯಾಬಿಗೆ ಹೋದಳು. ಅಂದು ಎಸೆದಿದ್ದ ಇಯರ್‌ಫೋನನ್ನು ಮತ್ತೆ ಕಿವಿಗೆ ಸಿಕ್ಕಿಸಿ, ಮಾತನ್ನು ಬಿಟ್ಟು ದನಿಗಳನ್ನಷ್ಟೇ ಕೇಳತೊಡಗಿದಳು. ಮೊದಲ ಚರಣದಲ್ಲಿ ನಾಲ್ಕು ದನಿ, ಎರಡನೆಯದರಲ್ಲಿ ನಾಲ್ಕು. ಮೂರನೆಯದರಲ್ಲಿ ತಳದ ಆ ದಪ್ಪ ದನಿ ಇರಲಿಲ್ಲ. ಅವಳಿಗೆ ನಂಬಿಕೆಯಾಗಲಿಲ್ಲ. ದನಿಗಳನ್ನು ಬಿಡಿಸಿ ನೋಡಿದಳು, ಪರದೆಯ ಮೇಲೆ ಗೆರೆ ಎಳೆದು ನೋಡಿದಳು, ಸಹೋದ್ಯೋಗಿಗೂ ಕೇಳಿಸಿದಳು. ಮೂರೇ ದನಿ. ನಕ್ಕವನೂ ಬೇರೆ. ಬಾವಿ ಎಂಬ ಪದ ಬರುವ ಮೊದಲೇ ಒಟ್ಟೊ ಬ್ರಾಂಟ್ ಬಾಯಿ ಮುಚ್ಚಿದ್ದ, ಕೊನೆಯವರೆಗೂ ತೆರೆದಿರಲಿಲ್ಲ. ಮಗಳಿಗೆ ಅವನು ಆ ಚರಣ ಕಲಿಸದೆ ಇದ್ದದ್ದು ಯಾಕೆಂದು ಸಾಹಿತ್ಯಳಿಗೆ ಆಗ ಹೊಳೆಯಿತು. ಮೊದಲ ದಿನವೇ ನಿಜ ಹೇಳಿದ್ದರೆ ಮುದುಕ ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಇದು: ತಾತನೂ ಹಾಡಿದ್ದಾನಾ? ಅಂದೇ ಹುಡುಕುತ್ತಿದ್ದಳು, ಅಂದೇ ಸಿಗುತ್ತಿತ್ತು.

ಲ್ಯಾಪ್‌ಟಾಪ್ ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದಳು. ಹತ್ತೋರಿ-ಸಾನ್ ಎರಡು ದಿಂಬಿಗೆ ಒರಗಿದ್ದ. ಅವಳು ಏದುಸಿರು ಬಿಡುತ್ತಲೇ ಹೇಳಿದಳು, ಗೆರೆಗಳನ್ನು ತೋರಿಸಿದಳು, ಕೇಳಿಸಿದಳು. ಅವನು ಬೇಸರಿಸದೆ ಎರಡು ಸಲ ಕೇಳಿ ಇಯರ್‌ಫೋನ್ ತೆಗೆದುಕೊಟ್ಟ.

"ನೀವು ತುಂಬ ಒಳ್ಳೆಯವರು, ಸಾಹಿತ್ಯ-ಸಾನ್."

"ಇಲ್ಲ ಹತ್ತೋರಿ-ಸಾನ್, ಇದು ನಿಜ! ಅವರು ಹಾಡಿಲ್ಲ. ಈ ಸಲ ನಿಜಾನೇ ಹೇಳ್ತಿದ್ದೀನಿ. ದೇವರಾಣೆ!" ಕೊನೆಯದು ಕನ್ನಡದಲ್ಲೇ ಬಂದುಬಿಟ್ಟಿತು.

"ಹೌದು, ಹೌದು," ಎಂದ ಅವನು, ಹಟ ಮಾಡುವ ಮಗುವಿಗೆ ಹೇಳುವಂತೆ. "ಅರಿಗಾತೋ." ಹಾಗೆ ಧನ್ಯವಾದ ಹೇಳಿ, ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದ.

ಆ ವಾರವೇ ಹೋಗಿಬಿಟ್ಟ. ಅಂತ್ಯಕ್ರಿಯೆಯ ದಿನ ತಂಡ ಬಂದಿತ್ತು, ಯಾರೂ ಹಾಡಲಿಲ್ಲ. ಸಾಹಿತ್ಯ ಮಿಚಿಕೊಳನ್ನು ಬದಿಗೆ ಕರೆದು, ತಾನು ಆಸ್ಪತ್ರೆಗೆ ಬಂದುಹೋದ ದಿನ ಅಪ್ಪ ಏನಾದರೂ ಅಂದರೇ ಎಂದು ಕೇಳಿದಳು.

"ಅಂದರು," ಎಂದಳು ಮಿಚಿಕೊ. "ಪಾಪ ಆ ಹುಡುಗಿ, ನನಗೋಸ್ಕರ ಇನ್ನೊಂದು ಸುಳ್ಳು ಹೆಣೆದುಕೊಂಡು ಬಂದಿದ್ದಳು, ಎಷ್ಟು ಕಷ್ಟಪಟ್ಟಳೋ, ನೀನು ಅವಳಿಗೆ ಏನೂ ಅನ್ನಬೇಡ ಅಂದರು."

"ಮಿಚಿಕೊ-ಸಾನ್, ಅದು ಸುಳ್ಳಲ್ಲ," ಎಂದಳು ಸಾಹಿತ್ಯ.

ಮಿಚಿಕೊ ಅವಳ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು, ಮೆಲ್ಲಗೆ ತಟ್ಟಿದಳು. "ಹೌದು, ಹೌದು," ಎಂದಳು.